ಮುಸುಕಿನ ಜೋಳದ ಬದಲು ಕೆಂಪು ಜೋಳ: ಹಸುವಿಗೆ ಹಾಕಬಹುದಾ?

ಪ್ರಶ್ನೆ: ನಾವು ಸೋಮವಾರಪೇಟೆ ಕಡೆಯವರು. ಕರೆಯುವ ಹಸು ನಾಲ್ಕಿವೆ. ಮುಸುಕಿನ ಜೋಳದ ನುಚ್ಚು ದುಬಾರಿ ಆಯ್ತು. ವ್ಯಾಪಾರಿಯೊಬ್ಬರು, "ಕೆಂಪು ಜೋಳ ಕೊಡ್ತೀನಿ, ಎರಡೂ ಒಂದೇ" ಅಂತಾರೆ. ಪಕ್ಕದ ಮನೆಯವರು, "ಅದು ಒಗರು, ಹಾಲು ಇಳಿಯುತ್ತೆ" ಅಂತಾರೆ. ಯಾರ ಮಾತು ನಂಬೋದು?

ಉತ್ತರ: ಹಾಕಬಹುದು. ಆದರೆ ಎರಡೂ ಒಂದೇ ಅನ್ನೋದು ತಪ್ಪು. ನಿಮ್ಮ ನೆರೆಯವರ ಮಾತಿನಲ್ಲಿ ಹುರುಳಿದೆ, ಅದರಲ್ಲೂ ನಮ್ಮ ಕೊಡಗಿನ ಕೊಟ್ಟಿಗೆಗಳ ಮಟ್ಟಿಗೆ.

ನಮ್ಮ ಕಡೆ ಜೋಳ ಅಂದರೆ ಮುಸುಕಿನ ಜೋಳ. ನಿಮ್ಮ ವ್ಯಾಪಾರಿ ಹೇಳುತ್ತಿರುವುದು ಉತ್ತರ ಕರ್ನಾಟಕದವರು ರೊಟ್ಟಿ ತಟ್ಟುವ ಜೋಳದ ಜಾತಿ. ರೊಟ್ಟಿಯ ಬಿಳಿ ಜೋಳದಲ್ಲಿ ಒಗರಿನ ತೊಂದರೆ ಇಲ್ಲ. ಕಂದು ಬಣ್ಣದ ಕೆಲವು ತಳಿಗಳಲ್ಲಿ ಮಾತ್ರ ಒಗರು ಕೊಡುವ ಟ್ಯಾನಿನ್ ಅನ್ನುವ ಅಂಶ ಜಾಸ್ತಿ. ಹಕ್ಕಿಗಳು ಅದರ ತೆನೆಗೆ ಅಷ್ಟಾಗಿ ಬಾಯಿ ಹಾಕುವುದಿಲ್ಲ.

ಹಸಿ ಅಡಿಕೆ ಅಗಿದರೆ ಬಾಯಿ ಒಣಗಿದ ಹಾಗೆ ಆಗುತ್ತದಲ್ವಾ? ಅಡಿಕೆ ಬೇಯಿಸಿದ ಚೊಗರಿನಲ್ಲಿ ಇರುವುದೂ ಇದೇ ಟ್ಯಾನಿನ್. ಅದು ಎಂಜಲಿನ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ, ಅದಕ್ಕೇ ಆ ಒಗರು. ಹಸುವಿನ ಹೊಟ್ಟೆಯಲ್ಲೂ ಹಾಗೆಯೇ. ಮೇವಿನ ಪ್ರೋಟೀನನ್ನು ಹಿಡಿದುಕೊಂಡು, ಪಿಷ್ಟ ಜೀರ್ಣವಾಗುವುದನ್ನೂ ನಿಧಾನ ಮಾಡುತ್ತದೆ.

ನಮಗೆ ತೊಂದರೆ ಬರುವುದು ಇಲ್ಲೇ. ನಮ್ಮ ಹಸುಗಳ ಹೊಟ್ಟೆ ತುಂಬುವುದು ಹೆಚ್ಚಾಗಿ ಭತ್ತದ ಹುಲ್ಲಿನಿಂದ. ಅದರಲ್ಲಿ ಪ್ರೋಟೀನ್ ಇರುವುದೇ ಶೇ 3–4. ಅಷ್ಟರಲ್ಲೂ ಒಗರು ಪಾಲು ಕೇಳಿದರೆ ಹಾಲಿಗೆ ಉಳಿಯುವುದೇನು? ಹಸಿ ಹುಲ್ಲು, ಹಿಂಡಿ ಧಾರಾಳವಾಗಿ ಸಿಗುವ ಹಸುವಿಗೆ ಸ್ವಲ್ಪ ಟ್ಯಾನಿನ್ ಕೆಟ್ಟದ್ದಲ್ಲ. ಒಂದಿಷ್ಟು ಪ್ರೋಟೀನ್ ದೊಡ್ಡ ಹೊಟ್ಟೆಯಲ್ಲೇ ಕರಗಿಹೋಗದೆ ಮುಂದಕ್ಕೆ ದಾಟಲು ಅದರಿಂದ ಅನುಕೂಲವೂ ಆಗಬಹುದು. ಹಾಗಾಗಿ ಕಾಳಿಗಿಂತ ಮೊದಲು ನಿಮ್ಮ ಗೋದಲಿಯಲ್ಲಿ ಏನಿದೆ ನೋಡಿಕೊಳ್ಳಿ.

ಕಾಳಿನ ಬಣ್ಣ ನಂಬಬೇಡಿ. ಕೆಂಪಗಿದ್ದೂ ಒಗರಿಲ್ಲದ ಜೋಳ ಇದೆ. ಹತ್ತು ಕಾಳು ತೆಗೆದುಕೊಂಡು ಬ್ಲೇಡಿನಿಂದ ಮೇಲಿನ ಸಿಪ್ಪೆಯನ್ನು ಮೆಲ್ಲಗೆ ಕೆರೆಯಿರಿ. ಅಡಿಯಲ್ಲಿ ಬೆಳ್ಳಗೆ ಕಂಡರೆ ಚಿಂತೆ ಇಲ್ಲ. ಸಿಪ್ಪೆಯ ಕೆಳಗೆ ಇನ್ನೊಂದು ಕಡು ಕಂದು ಪೊರೆ ಕಂಡರೆ ಅದು ಒಗರು ಜೋಳ.

ಒಗರಿರಲಿ ಬಿಡಲಿ, ಇಡೀ ಕಾಳು ಮಾತ್ರ ಹಾಕಬೇಡಿ. ಕಾಳು ಸಣ್ಣದು, ಗಟ್ಟಿ. ಒಂದು ಹಿಡಿ ಸಗಣಿಯನ್ನು ಹಳೇ ಜರಡಿಗೆ ಹಾಕಿ ನಲ್ಲಿ ಕೆಳಗೆ ತೊಳೆದು ನೋಡಿ. ಕಾಳು ಹಾಗೇ ಮಿನುಗುತ್ತಾ ಉಳಿದಿದ್ದರೆ ನಿಮ್ಮ ದುಡ್ಡು ತಿಪ್ಪೆಗೆ ಹೋಗುತ್ತಿದೆ ಅಂತಲೇ ಲೆಕ್ಕ. ಮಿಲ್ಲಿನವರಿಗೆ ಹೇಳಿ ಮುಸುಕಿನ ಜೋಳಕ್ಕಿಂತ ಸಣ್ಣಗೆ ಒಡೆಸಿ.

ಮೊದಲು ಮುಸುಕಿನ ಜೋಳದ ಕಾಲು ಭಾಗ ಮಾತ್ರ ಬದಲಿಸಿ. ಹತ್ತು ಹದಿನೈದು ದಿನ ಹಾಲು, ಮೇವು ತಿನ್ನುವುದು, ಸಗಣಿ ಎಲ್ಲ ಗಮನಿಸಿ. ಸರಿ ಇದ್ದರೆ ಅರ್ಧಕ್ಕೆ ಏರಿಸಿ. ಒಗರು ಜೋಳವಾದರೆ ನಾನು ಅದಕ್ಕಿಂತ ಮುಂದೆ ಹೋಗುವುದಿಲ್ಲ. ಜೊತೆಗೆ ಹಿಂಡಿಯನ್ನು ಸ್ವಲ್ಪ ಹೆಚ್ಚಿಸಿ. ಎಳೆ ಕರುಗಳಿಗೆ ಇದು ಬೇಡವೇ ಬೇಡ.

ಒಗರು ತೆಗೆಯೋಣ ಅಂತ ಮೊಳಕೆ ಬರಿಸಲು ಹೋಗಬೇಡಿ. ಈ ಜೋಳದ ಮೊಳಕೆಯಲ್ಲಿ ಸಯನೈಡ್ ವಿಷ ಹುಟ್ಟುತ್ತದೆ, ಇದರ ಎಳೆ ಪೈರು ಮೇಯ್ದ ದನ ಸಾಯುವುದು ಇದರಿಂದಲೇ. ಪೂರ್ವ ಆಫ್ರಿಕಾದ ಕೆಲವು ಕಡೆ ಕಟ್ಟಿಗೆ ಬೂದಿಯ ನೀರಲ್ಲಿ ಕಾಳು ನೆನೆಸಿ ಒಗರು ತೆಗೆಯುತ್ತಾರೆ. ಉಪಾಯ ಒಳ್ಳೆಯದೇ. ಆದರೆ ನಮ್ಮ ಜೂನ್–ಜುಲೈ ಮಳೆಯಲ್ಲಿ ನೆನೆಸಿದ ಕಾಳು ಒಣಗಿಸುವುದು ಎಲ್ಲಿ? ಬೂಷ್ಟು ಹಿಡಿದರೆ ಒಗರಿಗಿಂತ ದೊಡ್ಡ ಅಪಾಯ. ಬೂಷ್ಟಿನ ಅಫ್ಲಾಟಾಕ್ಸಿನ್ ವಿಷ ಹಾಲಿಗೂ ಇಳಿಯುತ್ತದೆ, ಆ ಹಾಲು ಕುಡಿಯುವುದು ನಮ್ಮ ಮಕ್ಕಳೇ.

ಇನ್ನು ಬೆಲೆ. ಒಗರು ಜೋಳಕ್ಕೆ ಮುಸುಕಿನ ಜೋಳದ ಶೇ 85ರಷ್ಟು ಬೆಲೆ ಕಟ್ಟಿ ಚೌಕಾಸಿ ಮಾಡಿ. ಮುಸುಕಿನ ಜೋಳ ಕಿಲೋಗೆ 24 ರೂಪಾಯಿ ಇದ್ದರೆ ಇದು 20 ರೂಪಾಯಿ ಆಸುಪಾಸಿಗೆ ಸಿಗಬೇಕು. ವ್ಯಾಪಾರಿ 22 ಅಂದರೆ ಮುಸುಕಿನ ಜೋಳವನ್ನೇ ತನ್ನಿ. 18 ಅಂದರೆ ಬ್ಲೇಡು ಹಿಡಿದುಕೊಂಡು ಹೋಗಿ, ಮೂಟೆ ಬಿಚ್ಚಿಸಿ ಕಾಳು ಕೆರೆದು ನೋಡಿ. ತಂದರೂ ಒಂದು ತಿಂಗಳಿಗೆ ಆಗುವಷ್ಟೇ ತನ್ನಿ. ಮೂಟೆಯನ್ನು ನೆಲಕ್ಕೆ, ಗೋಡೆಗೆ ತಾಗಿಸದೆ ಹಲಗೆ ಮೇಲಿಡಿ.