ಹರಕೆ ಟಗರು: ಗುಡಿಯಿಂದ ಹೊಲಕ್ಕೆ

ಜಾತ್ರೆ ಹತ್ತಿರ ಬಂತೆಂದರೆ ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಎರಡು ತಯಾರಿ ಒಟ್ಟಿಗೇ ಶುರುವಾಗುತ್ತವೆ. ಒಂದು, ಪ್ರಾಣಿಬಲಿ ನಿಷೇಧದ ಪ್ರಕಟಣೆ, ಗುಡಿ ಮುಂದೆ ಫ್ಲೆಕ್ಸ್, ದಾರಿಯಲ್ಲಿ ಪೊಲೀಸ್ ವ್ಯಾನು. ಇನ್ನೊಂದು, ಸಂತೆಯಲ್ಲಿ ಟಗರಿನ ರೇಟು ಏರುವುದು. ಕಾನೂನು ನಮ್ಮ ಕಡೆಗಿದೆ ಎಂದು ಎರಡೂ ಕಡೆಯವರು ಹೇಳುತ್ತಾರೆ. ಸೋಜಿಗವೆಂದರೆ ಇಬ್ಬರ ಮಾತೂ ಅರ್ಧರ್ಧ ನಿಜ.

ಈ ವಾದ ಇಲ್ಲಿಗೆ ಹೊಸದಲ್ಲ. ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳದ ಬಂಡೆಗಳ ಮೇಲೆ ಕ್ರಿ.ಪೂ. 3ನೇ ಶತಮಾನದಲ್ಲೇ ಅಶೋಕ ಬರೆಸಿದ್ದಾನೆ: ಹೆತ್ತವರ ಮಾತು ಕೇಳಿ, ಜೀವಿಗಳ ಮೇಲೆ ದಯೆಯಿರಲಿ, ನಿಜ ನುಡಿಯಿರಿ. ಅಲ್ಲಿಂದ ಸಾವಿರ ವರ್ಷ ದಾಟಿದರೆ ಕೊಪಣ ಎಂಬ ಜೈನರ ಮಹಾತೀರ್ಥ, ಅದೇ ಇಂದಿನ ಕೊಪ್ಪಳ. 1209ರಲ್ಲಿ ಜನ್ನ ಬರೆದ ‘ಯಶೋಧರ ಚರಿತೆ’ಯಲ್ಲಿ ಅರಸ ನಿಜವಾದ ಕೋಳಿ ಬೇಡವೆಂದು ಹಿಟ್ಟಿನ ಹುಂಜವನ್ನು ಮಾರಿಗೆ ಕಡಿಯುತ್ತಾನೆ. ಆದರೂ ಪಾಪ ಬಿಡುವುದಿಲ್ಲ, ಜನ್ಮ ಜನ್ಮ ಬೆನ್ನಟ್ಟುತ್ತದೆ. ಜೀವ ಹೋಯಿತೋ ಇಲ್ಲವೋ ಎಂಬುದಕ್ಕಿಂತ ಮನಸ್ಸಿನಲ್ಲಿ ಏನಿತ್ತು ಎಂಬುದೇ ಅಲ್ಲಿ ದೊಡ್ಡದು. ಕೋಣದ ಬದಲು ಕುಂಬಳಕಾಯಿ ಒಡೆಯಿರಿ ಎಂದು ಇಂದು ಸುಲಭವಾಗಿ ಹೇಳುವವರಿಗೆ ಆ ಕಾವ್ಯ ಒಪ್ಪಿಗೆ ಕೊಡುತ್ತಿರಲಿಲ್ಲ. ಮನಸ್ಸಿನ ಈ ಪ್ರಶ್ನೆ ನಮ್ಮ ಕಾಯ್ದೆಯೊಳಗೂ ಬಂದು ಕೂತಿದೆ.

ಬಳ್ಳಾರಿ 1953ರವರೆಗೆ ಮದ್ರಾಸಿನಲ್ಲಿತ್ತು, ರಾಯಚೂರು ಕೊಪ್ಪಳ 1956ರವರೆಗೆ ಹೈದರಾಬಾದಿನಲ್ಲಿದ್ದವು. ಮದ್ರಾಸು 1950ರಲ್ಲಿ ದೇವಸ್ಥಾನಗಳಲ್ಲಿ ಪ್ರಾಣಿ, ಪಕ್ಷಿ ಬಲಿಯನ್ನು ನಿಷೇಧಿಸಿತು. ತಮಿಳುನಾಡು ಆ ಕಾಯ್ದೆಯನ್ನು 2003ರಲ್ಲಿ ಬಿಗಿಯಾಗಿ ಜಾರಿ ಮಾಡಲು ಹೋಗಿ, ಜನ ತಿರುಗಿಬಿದ್ದ ಮೇಲೆ 2004ರಲ್ಲಿ ರದ್ದು ಮಾಡಿಬಿಟ್ಟಿತು. ನಮ್ಮಲ್ಲಿ 1959ರ ಪ್ರಾಣಿಬಲಿ ತಡೆ ಕಾಯ್ದೆ ಬಂದು ಈ ಮೂರೂ ಕಡೆಗೆ ಒಂದೇ ನಿಯಮವಾಯಿತು.

ಆ ಕಾಯ್ದೆ ಕುರಿ ಕಡಿಯಬಾರದು ಎನ್ನುವುದಿಲ್ಲ. ದೇವತೆಯನ್ನು ತೃಪ್ತಿಪಡಿಸುವ ಉದ್ದೇಶದಿಂದ, ಸಾರ್ವಜನಿಕ ಪೂಜಾಸ್ಥಳದಲ್ಲಿ, ಅದರ ಆವರಣದಲ್ಲಿ, ಬೀದಿಯ ಧಾರ್ಮಿಕ ಮೆರವಣಿಗೆಯಲ್ಲಿ ಕೊಲ್ಲಬಾರದು ಎನ್ನುತ್ತದೆ. ಅಂದರೆ ಜಾಗ ಒಂದು, ಉದ್ದೇಶ ಒಂದು. ಮರುವರ್ಷವೇ ಬಂದ ಕೇಂದ್ರದ ಪ್ರಾಣಿ ಹಿಂಸೆ ತಡೆ ಕಾಯ್ದೆಯ 28ನೇ ಕಲಂ ಇದಕ್ಕೆ ಎದುರು ದಿಕ್ಕಿನಲ್ಲಿ ನಿಂತಿದೆ: ಯಾವುದೇ ಸಮುದಾಯದ ಧರ್ಮಕ್ಕೆ ಬೇಕಾದ ರೀತಿಯಲ್ಲಿ ಪ್ರಾಣಿ ಕೊಂದರೆ ಈ ಕಾಯ್ದೆಯಡಿ ಅಪರಾಧವಲ್ಲ. ಫ್ಲೆಕ್ಸ್ ಕಟ್ಟುವವರು 1959 ಎನ್ನುತ್ತಾರೆ, ಹರಕೆ ಹೊತ್ತವರ ಪರ ವಕೀಲರು 28 ಎನ್ನುತ್ತಾರೆ.

ಫಲ ಏನಾಯಿತೆಂದರೆ ಟಗರು ಗುಡಿ ಅಂಗಳ ಬಿಟ್ಟು ಹೊಲಕ್ಕೆ ಬಂತು. ದೇವಿಗೆ ಕಾಯಿ, ಹೋಳಿಗೆ ಎಡೆ ಒಳಗೆ; ಟಗರು ಹೊರಗೆ, ಕಾಲುವೆ ದಂಡೆಯಲ್ಲೋ ಜಾಲಿ ಮರದಡಿಯೋ. ಮೂರು ಕಲ್ಲು, ಒಂದು ಹಂಡೆ, ಖಾರದ ಪುಡಿ. ಪೊಲೀಸರು ಬಂದರೆ ಇದು ಊಟ, ಬರದಿದ್ದರೆ ಹರಕೆ. ಕೇಸು ಹಾಕಬೇಕಾದವರು ಉದ್ದೇಶಕ್ಕೆ ಸಾಕ್ಷಿ ಹುಡುಕುತ್ತಾರೆ: ಹಣೆಗೆ ಭಂಡಾರದ ಅರಿಶಿನ ಹಚ್ಚಿತ್ತೇ, ಕೊರಳಲ್ಲಿ ಬೇವಿನ ಸೊಪ್ಪಿತ್ತೇ, ತಲೆ ತಂದು ದೇವಿಯ ಎದುರು ಇಟ್ಟಿದ್ದರೇ? ಭಂಡಾರ ತೊಳೆದರೆ ಸಾಕ್ಷಿಯೂ ತೊಳೆದುಹೋಗುತ್ತದೆ.

ಬ್ಯಾಟಿ, ಅಂದರೆ ಹರಕೆಯ ಪ್ರಾಣಿ, ಕಡಿಯುವ ಮುನ್ನ ಒಂದು ಪದ್ಧತಿಯಿದೆ. ಅದನ್ನು ಮೂಢನಂಬಿಕೆ ಎಂದು ಬದಿಗೆ ಸರಿಸುವವರೇ ಹೆಚ್ಚು. ಈ ಇಡೀ ಚರ್ಚೆಯಲ್ಲಿ ತೂಕವಿರುವ ಸಂಗತಿ ಅದೇ ಇರಬಹುದು. ತಂಬಿಗೆಯಲ್ಲಿ ತಣ್ಣೀರು ತಂದು ಟಗರಿನ ಕಿವಿಗೆ, ಬೆನ್ನಿಗೆ ಚಿಮುಕಿಸಿ ಎಲ್ಲರೂ ಸುಮ್ಮನೆ ನಿಲ್ಲುತ್ತಾರೆ. ಅದು ಮೈ ಕೊಡವಿದರೆ ದೇವಿಯ ಅಪ್ಪಣೆ. ಕೊಡವದಿದ್ದರೆ ಕಡಿಯುವಂತಿಲ್ಲ, ಮನೆಯವರು ಏನು ತಪ್ಪಾಯಿತೆಂದು ಕೈಮುಗಿದು ಕೇಳಿಕೊಳ್ಳುತ್ತಾರೆ. ಶರೀರದ ಲೆಕ್ಕದಲ್ಲಿ ಇದು ಚರ್ಮಕ್ಕೆ ನೀರು ತಾಗಿದಾಗಿನ ಸಹಜ ಪ್ರತಿಕ್ರಿಯೆ ಅಷ್ಟೆ. ಕೂದಲು ಗಿಡ್ಡವಿರುವ ಕೆಂಗುರಿ ಬೇಗ ಕೊಡವುತ್ತದೆ. ಕಂಬಳಿಗೆ ಬರುವ ಉಣ್ಣೆಯ ಬಳ್ಳಾರಿ ತಳಿಗೆ ನೀರು ಚರ್ಮಕ್ಕೆ ಇಳಿಯಲು ಹೊತ್ತು ಬೇಕು. ಬೆದರಿದ ಪ್ರಾಣಿ ಮರಗಟ್ಟಿ ನಿಂತುಬಿಡುತ್ತದೆ, ಆಗ ಇನ್ನೊಂದು ತಂಬಿಗೆ. ಅಪ್ಪಣೆ ಸಿಗುವವರೆಗೂ ನೀರು ಸುರಿಯುವುದು ಅಪ್ಪಣೆ ಕೇಳಿದಂತಲ್ಲ ಎಂಬುದು ಸರಿಯೇ. ಆದರೂ ಜೀವ ತೆಗೆಯುವ ಮೊದಲು ಕೇಳಬೇಕು ಎಂಬ ಅಳುಕು ಅಲ್ಲಿದೆ. ಮಟನ್ ಅಂಗಡಿಯಲ್ಲಿ ಅಷ್ಟೂ ಇಲ್ಲ.

ಆಮೇಲಿನದು ಕತ್ತಿಯ ಮಾತು. ಕುತ್ತಿಗೆಯ ಎರಡೂ ಬದಿಯ ದೊಡ್ಡ ರಕ್ತನಾಳಗಳು ಒಂದೇ ಎಳೆತಕ್ಕೆ ಕೊಯ್ದುಹೋದರೆ ಕುರಿಗೆ ಕೆಲವೇ ಸೆಕೆಂಡುಗಳಲ್ಲಿ ಎಚ್ಚರ ತಪ್ಪುತ್ತದೆ. ಒಂದು ಬದಿ ಉಳಿದರೆ ಆ ಹೊತ್ತು ಬೆಳೆಯುತ್ತದೆ. ದನದ ಜಾತಿಗೆ ಇನ್ನೂ ಹೆಚ್ಚು ಹೊತ್ತು, ಏಕೆಂದರೆ ಕತ್ತಿನ ಮೂಳೆಯೊಳಗಿಂದ ಹೋಗುವ ರಕ್ತನಾಳ ಮಿದುಳಿಗೆ ರಕ್ತ ಒದಗಿಸುತ್ತಲೇ ಇರುತ್ತದೆ. ಹಿಂದಿನಿಂದ ಒಂದೇ ಏಟಿಗೆ ತಲೆ ಹಾರಿಸಬೇಕೆನ್ನುವಲ್ಲಿ ಮಚ್ಚು ಮೊಂಡಾಗಿದ್ದರೆ ಮೂಳೆಗೆ ಸಿಕ್ಕಿಕೊಳ್ಳುತ್ತದೆ. ಸಾಲಾಗಿ ಹತ್ತು ಹನ್ನೆರಡು ಕಡಿದರೆ ಅಲಗು ಮೊಂಡಾಗದೆ ಇರದು, ನಡುವೆ ಸಾಣೆ ಹಿಡಿಯಬೇಕು, ಜಾತ್ರೆಯ ಗಡಿಬಿಡಿಯಲ್ಲಿ ಅದೇ ಮರೆಯುವುದು. ಒಂದು ಪ್ರಾಣಿಯ ಕಣ್ಣೆದುರು ಇನ್ನೊಂದನ್ನು ಕೊಯ್ಯಬಾರದು ಎಂದು 2001ರ ಕಸಾಯಿಖಾನೆ ನಿಯಮ ಹೇಳುತ್ತದೆ. ಆದರೆ ಅದು ಕಸಾಯಿಖಾನೆಯೊಳಗಿನ ನಿಯಮ. ಹೊಲದಲ್ಲಿ ಎಲ್ಲವನ್ನೂ ಒಂದೇ ಟ್ರ್ಯಾಕ್ಟರ್ ಟ್ರೇಲರಿಗೆ ಕಟ್ಟಿರುತ್ತಾರೆ.

ಸಾಗಣೆಯೂ ಅಷ್ಟೇ. 1978ರ ನಿಯಮದಂತೆ ನಾಲ್ಕೂವರೆ, ಐದು ಟನ್ನಿನ ಲಾರಿಯಲ್ಲಿ 40ಕ್ಕಿಂತ ಹೆಚ್ಚು ಕುರಿ ಹೇರುವಂತಿಲ್ಲ, ಕೆಳಗೆ ಕನಿಷ್ಠ 5 ಸೆಂಟಿಮೀಟರ್ ಹುಲ್ಲು ಹಾಸಬೇಕು. ಹರಕೆ ಟಗರು ಬರುವುದು ಬೈಕಿನಲ್ಲಿ, ಇಬ್ಬರ ನಡುವೆ ಕಾಲು ಕಟ್ಟಿಸಿಕೊಂಡು, ಮೇ ತಿಂಗಳ ಬಿಸಿಲಲ್ಲಿ. ಬಲಿ ಬೇಕೋ ಬೇಡವೋ ಎಂಬ ಅರವತ್ತು ವರ್ಷಗಳ ಜಗಳದಲ್ಲಿ ಆ ಕಾಲಿನ ಹಗ್ಗದ ಬಗ್ಗೆ ಎರಡೂ ಕಡೆಯವರು ಮಾತಾಡಿದ್ದು ಕಡಿಮೆ.

ಕೋಣದ ಕತೆ ಬೇರೆ. ಊರಮ್ಮ, ದ್ಯಾಮವ್ವ, ದುರುಗವ್ವನ ಜಾತ್ರೆಗಳಲ್ಲಿ ಕೋಣ ಕಡಿಯುವುದು, ಹೆಣ ಎಳೆಯುವುದು, ರಕ್ತ ಕಲಸಿದ ಅನ್ನ ಹೊತ್ತು ರಾತ್ರಿ ಊರ ಸುತ್ತ ಚರಗ ಚೆಲ್ಲುವುದು, ಇವೆಲ್ಲ ದಲಿತರ ಮೇಲೆ ಹೊರಿಸಿದ ಕೆಲಸವಾಗಿತ್ತು. ದಲಿತ ಚಳವಳಿ ಬೆಳೆದಂತೆ ಹಲವು ಊರುಗಳಲ್ಲಿ ಈ ಸೇವೆ ಒಲ್ಲೆವೆಂದರು. ಕೋಣ ನಿಂತದ್ದಕ್ಕೆ ಪ್ರಾಣಿದಯೆಗಿಂತ ಈ ನಿರಾಕರಣೆ ದೊಡ್ಡ ಕಾರಣ. ಮೇಲೆ ಜಾನುವಾರು ಹತ್ಯೆ ತಡೆ ಕಾಯ್ದೆ ಬಂತು: 1964ರಲ್ಲಿ 12 ವರ್ಷ ದಾಟಿದ ಕೋಣಕ್ಕೆ ಪ್ರಮಾಣಪತ್ರ ಪಡೆದು ಕಡಿಯಬಹುದಿತ್ತು, 2020ರ ಕಾಯ್ದೆ ಆ ವಯಸ್ಸನ್ನು 13 ಮಾಡಿತು. ದೇವಿಗೆ ಬಿಡುವ ಕೋಣ ಅಷ್ಟು ಮುದಿಯಾಗಿರುವುದು ಅಪರೂಪ.

ಕೋರ್ಟುಗಳೂ ಒಂದೇ ದಾರಿಯಲ್ಲಿ ನಡೆದಿಲ್ಲ. 2014ರ ಮೇ 7ರಂದು ಜಲ್ಲಿಕಟ್ಟು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸಂವಿಧಾನದ 21ನೇ ವಿಧಿಯ ‘ಜೀವ’ದಲ್ಲಿ ಪ್ರಾಣಿಗಳನ್ನೂ ಸೇರಿಸಿ ಮಾತಾಡಿತು. 2023ರ ಮೇ 18ರಂದು ಕಂಬಳವನ್ನೂ ಒಳಗೊಂಡ ತೀರ್ಪಿನಲ್ಲಿ ಐವರ ಪೀಠ ಪ್ರಾಣಿಗಳಿಗೆ ಮೂಲಭೂತ ಹಕ್ಕು ಕೊಡಲು ಒಪ್ಪಲಿಲ್ಲ. ನಡುವೆ 2020ರಲ್ಲಿ ಕೇರಳದ ಬಲಿ ನಿಷೇಧ ಕಾಯ್ದೆಯ ಅರ್ಜಿ ಬಂದಾಗ, ತಿನ್ನಲು ಕೊಂದರೆ ಸರಿ, ದೇವರಿಗೆ ಕೊಂದು ತಿಂದರೆ ತಪ್ಪು ಎಂಬ ಇಬ್ಬಗೆಯನ್ನು ಪರಿಶೀಲಿಸಲು ನೋಟಿಸು ಹೊರಟಿತು. ಆ ಕಾಯ್ದೆ ನಮ್ಮದರ ಒಡಹುಟ್ಟಿದಂತಿದೆ, ಅಲ್ಲಿನ ಉತ್ತರ ಇಲ್ಲಿಗೂ ತಟ್ಟುತ್ತದೆ.

ಚೆಕ್‌ಪೋಸ್ಟಿನಲ್ಲಿ ಟಗರು ಜಪ್ತಿಯಾಯಿತು ಅಂದುಕೊಳ್ಳಿ. ಕೇಸು ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಬಿದ್ದಿದ್ದರೆ 2017ರ ನಿಯಮದಂತೆ ಅದನ್ನು ಆಶ್ರಯಕ್ಕೆ ಕಳಿಸಬೇಕು, ಖರ್ಚು ಆರೋಪಿಯದು. 40 ಕೆ.ಜಿ. ಟಗರಿಗೆ ದಿನಕ್ಕೆ ನಾಲ್ಕೈದು ಕೆ.ಜಿ. ಹಸಿ ಮೇವು, ಬೇಸಿಗೆಯಲ್ಲಿ ಐದು ಲೀಟರಿನಷ್ಟು ನೀರು ಬೇಕು. ಗೋಶಾಲೆಗಳು ಇರುವುದು ದನಗಳಿಗೆ. ಅಲ್ಲಿ ಜಾಗ ಸಿಗುವವರೆಗೆ ಟಗರನ್ನು ಠಾಣೆಯ ಹಿಂದಿನ ಬೇವಿನ ಮರಕ್ಕೆ ಕಟ್ಟಬೇಕು, ಡ್ಯೂಟಿಯಲ್ಲಿರುವ ಪೇದೆಯೇ ನೀರಿಡಬೇಕು.