ಕೆಟ್ಟಿರುವುದು ಫೈಲೋ, ಯಂತ್ರವೋ: ಅಮಿಗಾ 1200ರ ಎರಡು ದೂರುಗಳು

ಅಮಿಗಾ 1200 ಕಂಪ್ಯೂಟರನ್ನು ರಿಪೇರಿಗೆ ತರುವವರು ಸಾಮಾನ್ಯವಾಗಿ ಎರಡು ದೂರುಗಳನ್ನು ಒಂದಕ್ಕೊಂದು ಸಂಬಂಧವಿಲ್ಲವೆಂಬಂತೆ ಹೇಳುತ್ತಾರೆ. ಆನ್ ಮಾಡಿದ ಸ್ವಲ್ಪ ಹೊತ್ತಿಗೆ, ವರ್ಕ್‌ಬೆಂಚ್ (ಅಮಿಗಾದ ಮುಖ್ಯ ಪರದೆ) ಮೂಡುವ ಮೊದಲೇ, ‘ಸಾಫ್ಟ್‌ವೇರ್ ಫೇಲ್ಯೂರ್’ ಎಂಬ ಕೆಂಪು ಚೌಕಟ್ಟು ಮಿನುಗಿ ಯಂತ್ರ ನಿಂತುಬಿಡುತ್ತದೆ ಎಂಬುದು ಮೊದಲನೆಯದು. ಹಳೆಯ ಬಳಕೆದಾರರು ಈ ಚೌಕಟ್ಟನ್ನು ಇಂದಿಗೂ ‘ಗುರು’ ಎಂದೇ ಕರೆಯುತ್ತಾರೆ. ನಿನ್ನೆ ಸರಿಯಿದ್ದ ಫೈಲುಗಳು ಇಂದು ತೆರೆಯುತ್ತಿಲ್ಲ ಎಂಬುದು ಎರಡನೆಯದು. ಬಹುಪಾಲು ಸಂದರ್ಭಗಳಲ್ಲಿ ಇವೆರಡೂ ಒಂದೇ ಕಾಯಿಲೆಯ ಲಕ್ಷಣಗಳು. ಸಿಸ್ಟಮ್ ಫ್ಲಾಪಿಗಳನ್ನು ಹಾಕಿ ಎಲ್ಲವನ್ನೂ ಮತ್ತೆ ಇನ್‌ಸ್ಟಾಲ್ ಮಾಡುವ ಉಪಾಯ ಎಲ್ಲರಿಗೂ ಮೊದಲು ಹೊಳೆಯುತ್ತದೆ. ಆದರೆ ಅದನ್ನೇ ಮಾಡಬಾರದು. ಬರೆಯುವುದರಲ್ಲೇ ತಪ್ಪುತ್ತಿರುವ ಯಂತ್ರದಲ್ಲಿ ಹೊಸದಾಗಿ ಬರೆದದ್ದೂ ಕೆಡುತ್ತದೆ, ಹಳೆಯದರಲ್ಲಿ ಉಳಿದಿದ್ದದ್ದೂ ಹೋಗುತ್ತದೆ.

ಹಾರ್ಡ್ ಡಿಸ್ಕನ್ನು, ಅಥವಾ ಈಗ ಅದರ ಜಾಗದಲ್ಲಿ ಹೆಚ್ಚಾಗಿ ಕಾಣುವ ಕಾಂಪ್ಯಾಕ್ಟ್ ಫ್ಲಾಶ್ ಕಾರ್ಡನ್ನು, ಮೊದಲು ಹೊರತೆಗೆದು ಇಂದಿನ ಕಂಪ್ಯೂಟರಿನಲ್ಲಿ ಅದರ ಪೂರ್ತಿ ನಕಲೊಂದನ್ನು ಇಮೇಜ್ ಫೈಲಾಗಿ ಇಟ್ಟುಕೊಳ್ಳಬೇಕು. ಈ ಡಿಸ್ಕನ್ನು ಇನಿಶಿಯಲೈಸ್ ಮಾಡಬೇಕೆಂದು ವಿಂಡೋಸ್ ಸೂಚಿಸಿದರೆ ಒಪ್ಪಕೂಡದು. ಒಪ್ಪಿದರೆ ಅಮಿಗಾ ತನ್ನ ಪಾರ್ಟಿಷನ್‌ಗಳ (ಡಿಸ್ಕಿನ ವಿಭಾಗಗಳ) ವಿವರವನ್ನಿಡುವ ಆರಂಭದ ಬ್ಲಾಕುಗಳೇ ಅಳಿಸಿಹೋಗುವ ಅಪಾಯವಿದೆ.

ಯಂತ್ರದ ಪರೀಕ್ಷೆ ವಿದ್ಯುತ್ತಿನಿಂದ ಆರಂಭವಾಗಬೇಕು. 1992ರಲ್ಲಿ ಮಾರುಕಟ್ಟೆಗೆ ಬಂದ ಈ ಮಾದರಿಯ ಜೊತೆಗೆ ಕಾಮಡೋರ್ ಸಂಸ್ಥೆ ಕೊಟ್ಟ ಪವರ್ ಸಪ್ಲೈ, ವೇಗವನ್ನೂ ಮೆಮೊರಿಯನ್ನೂ ಹೆಚ್ಚಿಸುವ ಆಕ್ಸಿಲರೇಟರ್ ಕಾರ್ಡ್ ಸೇರಿಸಿದ ಯಂತ್ರಕ್ಕೆ ಹೊಸದಿದ್ದಾಗಲೇ ಕಷ್ಟಪಟ್ಟು ಸಾಲುತ್ತಿತ್ತು. ಎಲ್ಲವನ್ನೂ ಜೋಡಿಸಿ ಓಡಿಸುತ್ತಿರುವಾಗಲೇ ಫ್ಲಾಪಿ ಡ್ರೈವಿನ ವಿದ್ಯುತ್ ಕನೆಕ್ಟರಿನಲ್ಲಿ ಅಳೆದು ನೋಡಿ, 5 ವೋಲ್ಟಿನ ತಂತಿ 4.75ಕ್ಕಿಂತ ಕೆಳಗಿಳಿದಿದ್ದರೆ ಮುಂದಿನ ಯಾವ ಪರೀಕ್ಷೆಯ ಫಲಿತಾಂಶವನ್ನೂ ನಂಬಬಾರದು. ಮದರ್‌ಬೋರ್ಡಿನ ಮೇಲ್ಮೈಗೆ ಬೆಸೆದ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳ ಸೋರಿಕೆ ಈ ಮಾದರಿಯ ಕುಖ್ಯಾತ ದೋಷ. ಹೊರನೋಟಕ್ಕೆ ಅವು ನೆಟ್ಟಗೇ ಇರುತ್ತವೆ. ಆದರೆ ಬುಡದ ಬೆಸುಗೆ ಹೊಳಪು ಕಳೆದುಕೊಂಡು ಬೂದುಬಣ್ಣಕ್ಕೆ ತಿರುಗಿರುತ್ತದೆ, ಸೋಲ್ಡರಿಂಗ್ ಐರನ್ ತಾಗಿಸಿದೊಡನೆ ಮೀನಿನ ವಾಸನೆ ಬರುತ್ತದೆ. ಆ ವಾಸನೆ ಬಂದ ಬೋರ್ಡಿನಲ್ಲಿ ಒಂದೆರಡನ್ನು ಬದಲಿಸಿ ಸುಮ್ಮನಾಗುವುದು ದಂಡ. ಎಲ್ಲವನ್ನೂ ತೆಗೆದು, ಬೋರ್ಡನ್ನು ತೊಳೆದು, ಹೊಸದನ್ನು ಹಾಕಬೇಕು.

ಪರದೆಯ ಬಣ್ಣವೂ ಸುಳಿವು ಕೊಡುತ್ತದೆ. ಆನ್ ಮಾಡಿದೊಡನೆ ಕೆಂಪು ಬಂದು ನಿಂತರೆ ರಾಮ್ ಅಲ್ಲ, ರೋಮ್ ಚಿಪ್ಪಿನ ದೋಷ. ಹಸಿರು ಬಂದರೆ ಚಿಪ್ ರಾಮ್, ಅಂದರೆ ಯಂತ್ರದ ಸ್ವಂತ ಮೆಮೊರಿಯ, ದೋಷ. ಹಳದಿಯಾದರೆ ಆರಂಭದ ಹಂತದಲ್ಲೇ ಪ್ರೊಸೆಸರ್ ಎಡವಿದೆ ಎಂದರ್ಥ. ಇವು ಯಾವುವೂ ಇಲ್ಲದೆ ಗುರು ಮಾತ್ರ ಬರುತ್ತಿದ್ದರೆ, ಎರಡೂ ಮೌಸ್ ಬಟನ್‌ಗಳನ್ನು ಒತ್ತಿಹಿಡಿದು ಯಂತ್ರವನ್ನು ಆನ್ ಮಾಡಿ, ಮೂಡುವ ಮೆನುವಿನಲ್ಲಿ ಸ್ಟಾರ್ಟಪ್-ಸೀಕ್ವೆನ್ಸ್ (ಆರಂಭದಲ್ಲಿ ತಾನಾಗಿ ಓಡುವ ಆದೇಶಗಳ ಪಟ್ಟಿ) ಇಲ್ಲದೆ ಬೂಟ್ ಮಾಡುವ ಆಯ್ಕೆಯನ್ನು ಆರಿಸಬೇಕು. ಆಗ ಯಂತ್ರ ಶಾಂತವಾಗಿ ನಿಂತು ಆದೇಶಕ್ಕೆ ಕಾಯುತ್ತಿದ್ದರೆ, ಸ್ಟಾರ್ಟಪ್-ಸೀಕ್ವೆನ್ಸಿನ ಸಾಲುಗಳನ್ನು ಒಂದೊಂದಾಗಿ ಕೈಯಿಂದಲೇ ಟೈಪ್ ಮಾಡಿ ಯಾವ ಸಾಲಿನಲ್ಲಿ ಕುಸಿಯುತ್ತದೆಂದು ನೋಡಬಹುದು. ಪ್ರತಿ ಸಲವೂ ಒಂದೇ ಸಾಲಿನಲ್ಲಿ ಕುಸಿದರೆ ಆ ಪ್ರೋಗ್ರಾಮ್ ಡಿಸ್ಕಿನಲ್ಲಿ ಕೆಟ್ಟಿರುವ ಸಾಧ್ಯತೆ ಹೆಚ್ಚು. ಒಮ್ಮೆ ಇಲ್ಲಿ, ಮತ್ತೊಮ್ಮೆ ಅಲ್ಲಿ ಕುಸಿದರೆ ಆಕ್ಸಿಲರೇಟರ್ ಕಾರ್ಡನ್ನು ತೆಗೆದು, ಯಂತ್ರದ ಸ್ವಂತ 2 ಮೆಗಾಬೈಟ್ ಮೆಮೊರಿಯಲ್ಲೇ ಅದನ್ನು ಮತ್ತೆ ಓಡಿಸಿ ನೋಡಬೇಕು.

ಇಷ್ಟೆಲ್ಲ ಸರಿಯಿದ್ದೂ ಫೈಲುಗಳು ಕೆಡುತ್ತಿದ್ದರೆ, ಯಾವ ಫೈಲುಗಳು ಕೆಡುತ್ತಿವೆ ಎಂದು ನಾನು ಕೇಳುತ್ತೇನೆ. ಐಕಾನ್‌ಗಳು, ಪತ್ರಗಳು, ಚಿಕ್ಕ ಆದೇಶಗಳು ಸರಿಯಾಗಿದ್ದು, ಸಂಗೀತದ ಮಾಡ್ಯೂಲ್‌ಗಳು, ಚಿತ್ರಗಳು, ಎಲ್‌ಎಚ್‌ಎ ಸಂಕುಚಿತ ಫೈಲುಗಳು ಮಾತ್ರ ಕೆಡುತ್ತಿವೆ ಎಂಬ ಉತ್ತರ ಬಂದರೆ ಕಾರಣ ಹೆಚ್ಚುಕಡಿಮೆ ಸಿಕ್ಕಿದಂತೆಯೇ. ಪಾರ್ಟಿಷನ್ನಿನ ವಿವರಗಳಲ್ಲಿ ಮ್ಯಾಕ್ಸ್‌ಟ್ರಾನ್ಸ್‌ಫರ್ ಎಂಬ ಒಂದು ಬೆಲೆಯಿದೆ. ಒಂದೇ ಸಲಕ್ಕೆ ಎಷ್ಟು ಬೈಟುಗಳನ್ನು ಡ್ರೈವಿನಿಂದ ಕೇಳಬಹುದೆಂಬ ಮಿತಿ ಅದು. ಹಾಗೆಯೇ ಬಿಟ್ಟರೆ ಈ ಮಿತಿ ಅತಿ ದೊಡ್ಡದಾಗಿರುತ್ತದೆ. ಈ ಯಂತ್ರ ಬಳಸುವ ಐಡಿಇ ಬಗೆಯ ಡ್ರೈವಿಗೆ ಒಂದು ಆದೇಶದಲ್ಲಿ ಗರಿಷ್ಠ 256 ಸೆಕ್ಟರುಗಳನ್ನು ಕೇಳಬಹುದು, ಆದರೆ ಎಣಿಕೆಗೆ ಇರುವುದು ಒಂದೇ ಬೈಟಾದ್ದರಿಂದ 256 ಎಂಬುದನ್ನು ಸೊನ್ನೆಯಾಗಿ ಬರೆಯಬೇಕಾಗುತ್ತದೆ, ಮತ್ತು ಆ ಸೊನ್ನೆಯನ್ನು ಕೆಲವು ಡ್ರೈವುಗಳು, ಕಾರ್ಡುಗಳು ಸರಿಯಾಗಿ ಅರ್ಥಮಾಡಿಕೊಳ್ಳುವುದಿಲ್ಲ. ದೊಡ್ಡ ಫೈಲಿನ ಒಂದು ತುಂಡು ತಪ್ಪಿಹೋಗುತ್ತದೆ, ದೋಷದ ಸಂದೇಶವೂ ಬರುವುದಿಲ್ಲ. ಡಿಸ್ಕ್ ಸಿದ್ಧಪಡಿಸುವ ಅಮಿಗಾದ ಪ್ರೋಗ್ರಾಮಾದ ಎಚ್‌ಡಿಟೂಲ್‌ಬಾಕ್ಸ್ ತೆರೆದು ಪ್ರತಿ ಪಾರ್ಟಿಷನ್ನಿಗೂ ಈ ಬೆಲೆಯನ್ನು 0ಎಕ್ಸ್1ಎಫ್ಇ00 ಎಂದು, ಅಂದರೆ 512 ಬೈಟಿನ 255 ಸೆಕ್ಟರುಗಳಾಗುವ 1,30,560 ಬೈಟುಗಳಿಗೆ, ಇಳಿಸಿದರೆ ಸಾಕು. ಪಾರ್ಟಿಷನ್ನಿನ ಗಡಿಗಳನ್ನು ಮುಟ್ಟದೆ ಇದೊಂದನ್ನೇ ಬದಲಿಸಿದರೆ ಒಳಗಿನ ಮಾಹಿತಿ ಹಾಗೇ ಇರುತ್ತದೆ.

ಇನ್ನೊಂದು ಬಗೆಯ ಯಂತ್ರವಿದೆ: ತಿಂಗಳುಗಟ್ಟಲೆ ಚೆನ್ನಾಗಿದ್ದು, ಒಂದು ಬೆಳಿಗ್ಗೆ ಪಾರ್ಟಿಷನ್‌ಗಳೇ ಕಾಣೆಯಾಗುತ್ತವೆ. ಅದರಲ್ಲಿ ಸಾಮಾನ್ಯವಾಗಿ 8 ಅಥವಾ 16 ಗಿಗಾಬೈಟಿನ ಕಾರ್ಡಿರುತ್ತದೆ. ಕಿಕ್‌ಸ್ಟಾರ್ಟ್ (ರೋಮ್ ಚಿಪ್ಪಿನಲ್ಲಿರುವ ಸಿಸ್ಟಮ್ಮಿನ ಮೂಲ ಭಾಗ) 3.1ರವರೆಗಿನ ರೋಮ್‌ಗಳು ಡಿಸ್ಕಿನ ವಿಳಾಸವನ್ನು 32 ಬಿಟ್‌ಗಳಲ್ಲಿ ಎಣಿಸುವುದರಿಂದ 4 ಗಿಗಾಬೈಟಿನ ಆಚೆಯ ಲೆಕ್ಕ ಮತ್ತೆ ಸೊನ್ನೆಗೆ ಮರಳುತ್ತದೆ. ಆ ಗಡಿಯಾಚೆಯ ಪಾರ್ಟಿಷನ್ನಿಗೆ ಬರೆದದ್ದು ಡಿಸ್ಕಿನ ಮೊದಲ ಬ್ಲಾಕುಗಳ ಮೇಲೆ ಬಂದು ಬೀಳುತ್ತದೆ. ಎಲ್ಲ ಪಾರ್ಟಿಷನ್‌ಗಳನ್ನೂ ಮೊದಲ 4 ಗಿಗಾಬೈಟಿನೊಳಗೆ ಇಟ್ಟುಕೊಳ್ಳುವುದು ಅಗ್ಗದ ದಾರಿ. 2018ರಲ್ಲಿ ಬಂದ ಅಮಿಗಾಓಎಸ್ 3.1.4 ಅಥವಾ ಅದರ ನಂತರದ 3.2ರ ರೋಮ್ ಹಾಕಿಸುವುದು ಇನ್ನೊಂದು.

‘ನಾಟ್ ವ್ಯಾಲಿಡೇಟೆಡ್’ ಎಂಬ ಸಂದೇಶಕ್ಕೆ ಮಾತ್ರ ಹೆದರಬೇಕಿಲ್ಲ. ಬರೆಯುತ್ತಿದ್ದಾಗ ಯಂತ್ರ ನಿಂತರೆ ಖಾಲಿ ಬ್ಲಾಕುಗಳ ಪಟ್ಟಿ ಅಪೂರ್ಣವಾಗಿ ಉಳಿಯುತ್ತದೆ. ಮುಂದಿನ ಸಲ ಅದನ್ನು ಮತ್ತೆ ಕಟ್ಟಿಕೊಳ್ಳಲು ಕೆಲವು ನಿಮಿಷ ಬಿಡಬೇಕು. ಅದು ಮುಗಿಯದೇ ಉಳಿದರೆ ಡಿಸ್ಕ್‌ಸಾಲ್ವ್ ಪ್ರೋಗ್ರಾಮಿನಿಂದ ಫೈಲುಗಳನ್ನು ಬೇರೆ ಪಾರ್ಟಿಷನ್ನಿಗೆ ಎತ್ತಿಕೊಳ್ಳಬಹುದು.

ಕೆಟ್ಟವೆಂದು ಕಂಡ ಫೈಲುಗಳನ್ನು ಅಳಿಸುವ ಅವಸರ ಬೇಡ. ಮ್ಯಾಕ್ಸ್‌ಟ್ರಾನ್ಸ್‌ಫರ್ ದೋಷ ಬರೆಯುವಾಗ ಮಾತ್ರವಲ್ಲ, ಓದುವಾಗಲೂ ಆಗುತ್ತದೆ. ಓದುವಾಗ ಮಾತ್ರ ಆಗಿದ್ದರೆ ಡಿಸ್ಕಿನ ಮೇಲಿನ ಪ್ರತಿ ಸರಿಯಾಗಿಯೇ ಇರುತ್ತದೆ. ಬೆಲೆಯನ್ನು ತಿದ್ದಿ, ಯಂತ್ರವನ್ನು ಮತ್ತೆ ಆನ್ ಮಾಡಿ, ಅವುಗಳನ್ನು ಇನ್ನೊಮ್ಮೆ ತೆರೆದು ನೋಡಿ. ಆಮೇಲೂ ತೆರೆಯದವುಗಳಿಗೆ ಮಾತ್ರ ಹಳೆಯ ಫ್ಲಾಪಿಗಳನ್ನು ಹುಡುಕಿದರಾಯಿತು.