ಗರ್ಭಿಣಿಗೆ ಜ್ವರ ಬಂದಾಗ ಪ್ಯಾರಾಸಿಟಮಾಲ್ ಕೊಡಬಾರದೇ?

"ಡಾಕ್ಟ್ರೇ, ಕ್ರೋಸಿನ್ ತಗೊಂಡ್ರೆ ಮಗುವಿಗೆ ಎಡಿಎಚ್‌ಡಿ ಬರುತ್ತಂತೆ, ಹೌದಾ?" ಮುಂಬೈ ಹತ್ತಿರದ ಡೊಂಬಿವಲಿಯ ನನ್ನ ಕ್ಲಿನಿಕ್‌ನಲ್ಲಿ ಗರ್ಭಿಣಿಯರು ಈಗ ಪದೇ ಪದೇ ಕೇಳುವ ಪ್ರಶ್ನೆ ಇದು. ಎಡಿಎಚ್‌ಡಿ ಅಂದರೆ ಮಗುವಿಗೆ ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ. 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷ ಟ್ರಂಪ್ ಟೈಲೆನಾಲ್ ಮತ್ತು ಆಟಿಸಂಗೆ (ಸ್ವಲೀನತೆಗೆ) ನಂಟು ಹಾಕಿ ಮಾತಾಡಿದ ಮೇಲೆ ಹೆದರಿಕೆ ಜಾಸ್ತಿಯಾಗಿದೆ. ಟೈಲೆನಾಲ್ ಆಗಲಿ, ನಮ್ಮ ಕ್ರೋಸಿನ್ ಆಗಲಿ, ಎರಡೂ ಪ್ಯಾರಾಸಿಟಮಾಲೇ. ಕೆಲವರಂತೂ ಮೈ ಸುಡುತ್ತಿದ್ದರೂ ಮಾತ್ರೆ ಮುಟ್ಟುವುದಿಲ್ಲ. ಇದು ನನಗೆ ನಿಜಕ್ಕೂ ಚಿಂತೆಯ ವಿಷಯ.

ಮಾತ್ರೆಗೂ ಎಡಿಎಚ್‌ಡಿಗೂ ನಂಟಿದೆ ಎಂದ ಅಧ್ಯಯನಗಳು ಇವೆ, ಸುಳ್ಳಲ್ಲ. ಆದರೆ ಅವು ಅಳೆದದ್ದು ಏನನ್ನು? 2019ರಲ್ಲಿ ಬಂದ ಬಾಸ್ಟನ್‌ನ ಅಧ್ಯಯನವನ್ನೇ ನೋಡಿ. 996 ಮಕ್ಕಳ ಹೊಕ್ಕುಳಬಳ್ಳಿಯ ರಕ್ತ ಪರೀಕ್ಷಿಸಿದರು. ಎಲ್ಲದರಲ್ಲೂ ಪ್ಯಾರಾಸಿಟಮಾಲ್ ಅಂಶ ಸಿಕ್ಕಿತು. ಅಂದರೆ ಹೋಲಿಸಿ ನೋಡಲು ಮದ್ದು ಸೋಕದ ಮಗು ಒಂದೂ ಇರಲಿಲ್ಲ! ಈ ಮದ್ದು ರಕ್ತದಲ್ಲಿ ಎರಡು ಮೂರು ಗಂಟೆಯಲ್ಲೇ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಆ ರಕ್ತ ಹೇಳುವುದು ಹೆರಿಗೆಯ ಹೊತ್ತಿನ ಸಂಗತಿ ಮಾತ್ರ. ಅದಕ್ಕೂ ಹಿಂದಿನ ಒಂಬತ್ತು ತಿಂಗಳ ವಿಚಾರ ಅದರಲ್ಲಿಲ್ಲ.

ಇನ್ನೊಂದು ತೊಡಕು ಇದೆ. ಯಾರೂ ಸುಮ್ನೆ ಮಾತ್ರೆ ನುಂಗುವುದಿಲ್ಲ ಅಲ್ವಾ? ಜ್ವರ, ಸೋಂಕು, ಮೈಗ್ರೇನ್ ಇದ್ದಾಗ ನುಂಗುತ್ತಾರೆ. ಮಗುವಿನ ಮೇಲೆ ಪರಿಣಾಮ ಆ ಕಾಯಿಲೆಯದ್ದೂ ಆಗಿರಬಹುದು. ಜೊತೆಗೆ ಎಡಿಎಚ್‌ಡಿ ಬಹುಮಟ್ಟಿಗೆ ವಂಶದಲ್ಲಿ ಹರಿದು ಬರುವಂಥದ್ದು.

ಇದನ್ನು ಬಿಡಿಸಿ ನೋಡಿದ್ದು ಸ್ವೀಡನ್ನಿನವರು. 1995ರಿಂದ 2019ರವರೆಗೆ ಹುಟ್ಟಿದ ಸುಮಾರು 24.8 ಲಕ್ಷ ಮಕ್ಕಳ ದಾಖಲೆ ತೆಗೆದರು. ಹತ್ತನೇ ವಯಸ್ಸಿಗೆ ಎಡಿಎಚ್‌ಡಿ ಇದ್ದವರು, ತಾಯಿ ಮದ್ದು ತೆಗೆದುಕೊಂಡಿದ್ದರೆ ಶೇ. 2.87, ಇಲ್ಲದಿದ್ದರೆ ಶೇ. 2.46. ಆಮೇಲೆ ಒಂದೇ ತಾಯಿಯ ಮಕ್ಕಳನ್ನು, ಅಂದರೆ ಒಂದು ಬಸಿರಲ್ಲಿ ಮದ್ದು ತೆಗೆದುಕೊಂಡು ಇನ್ನೊಂದರಲ್ಲಿ ತೆಗೆದುಕೊಳ್ಳದವರ ಮಕ್ಕಳನ್ನು ಹೋಲಿಸಿದರು. ವ್ಯತ್ಯಾಸ ಮಾಯವಾಯಿತು. ಇದರಲ್ಲೂ ಕೊರತೆ ಇದೆ. ತಾಯಿ ಮದ್ದು ತೆಗೆದುಕೊಂಡದ್ದು ದಾಖಲಾದ ಮಕ್ಕಳು ಶೇ. 7.5 ಮಾತ್ರ. ಅಂಗಡಿಯಿಂದ ನೇರ ಕೊಂಡದ್ದು ಎಷ್ಟೋ ಬಿಟ್ಟುಹೋಗಿರಬಹುದು. ಆದರೂ ಬರೀ ಬೇರೆ ಬೇರೆ ತಾಯಂದಿರನ್ನು ಹೋಲಿಸಿದ ಅಧ್ಯಯನಗಳಿಗಿಂತ ನಾನು ಇದನ್ನೇ ಹೆಚ್ಚು ನಂಬುತ್ತೇನೆ.

ಮುಂಬೈ ಮಳೆಗಾಲದ ಜ್ವರ ಅಂದರೆ ಡೆಂಗಿ, ಮಲೇರಿಯಾ, ಲೆಪ್ಟೊ (ಇಲಿಜ್ವರ) ಯಾವುದೂ ಇರಬಹುದು. ಗರ್ಭಿಣಿಯರು ಅದನ್ನು ಸಹಿಸಿಕೊಂಡು ಕೂರಬೇಡಿ. ಡಾಕ್ಟರು ಹೇಳಿದಷ್ಟು ಪ್ಯಾರಾಸಿಟಮಾಲ್ ತೆಗೆದುಕೊಳ್ಳಿ, ಬೇಕಾದಷ್ಟೇ ದಿನ. ಅದೇ ದಿನ ಬಂದು ರಕ್ತ ಪರೀಕ್ಷೆ ಮಾಡಿಸಿ. ಪ್ಯಾರಾಸಿಟಮಾಲ್‌ಗೆ ಹೆದರಿ ಮೆಡಿಕಲ್‌ನಿಂದ ಐಬುಪ್ರೊಫೇನ್ ಎಂಬ ನೋವಿನ ಮಾತ್ರೆಯನ್ನಂತೂ ತರಬೇಡಿ. 20 ವಾರದ ನಂತರ ಅದು ಮಗುವಿನ ಮೂತ್ರಪಿಂಡಕ್ಕೆ ತೊಂದರೆ ಕೊಡಬಹುದು. ಜ್ವರ ಡೆಂಗಿಯದ್ದಾಗಿದ್ದರೆ ರಕ್ತಸ್ರಾವದ ಅಪಾಯವೂ ಇದೆ.